ಮೊದಲ ಮಹಾಯುದ್ಧ: 1914ರಲ್ಲಿ ಹಾಡಿಕೊಂಡು ಹೊರಟ ಸಿಪಾಯಿ 1918ರ ಹೊತ್ತಿಗೆ ಏನು ಯೋಚಿಸುತ್ತಿದ್ದ?

ನೆಲಮುಗಿಲು:

ಎಲ್ಲರಿಗೂ ನಮಸ್ಕಾರ. ಒಂದು ತಿಂಗಳಿಂದ ಮೊದಲ ಮಹಾಯುದ್ಧದ ಬಗ್ಗೆ ಸಿಕ್ಕಿದ್ದನ್ನೆಲ್ಲಾ ಓದುತ್ತಿದ್ದೇನೆ. ಸೇನಾಪತಿಗಳ ಕಥೆ, ನಕ್ಷೆ, ಒಪ್ಪಂದ ಇವೆಲ್ಲ ಬೇಕಾದಷ್ಟು ಸಿಗುತ್ತವೆ. ನನಗೆ ತಿಳಿಯಬೇಕಾಗಿರುವುದು ಬೇರೆ. ಕಂದಕದಲ್ಲಿ ನಿಂತಿದ್ದ ಸಾಮಾನ್ಯ ಸಿಪಾಯಿಯ ಮನಸ್ಸು ಈ ನಾಲ್ಕು ವರ್ಷದಲ್ಲಿ ಹೇಗೆ ಬದಲಾಯಿತು?

1914ರ ಆಗಸ್ಟ್ ತಿಂಗಳ ಫೋಟೋ ನೋಡಿದರೆ ಬಂದೂಕಿನ ತುದಿಗೆ ಹೂವು ಸಿಕ್ಕಿಸಿಕೊಂಡಿದ್ದಾರೆ. ಜರ್ಮನ್ ರೈಲು ಡಬ್ಬಿಗಳ ಮೇಲೆ ಸೀಮೆಸುಣ್ಣದಲ್ಲಿ ‘ಪ್ಯಾರಿಸ್‌ಗೆ ಪ್ರವಾಸ’ ಅಂತ ಬರೆದಿದ್ದಾರೆ. ಮರದ ಎಲೆ ಉದುರುವುದರೊಳಗೆ ಮನೆಗೆ ಬಂದಿರುತ್ತೀರಿ ಅಂತ ಜರ್ಮನ್ ಚಕ್ರವರ್ತಿ ಕೈಸರ್ ತನ್ನ ಸೈನಿಕರಿಗೆ ಹೇಳಿದ್ದ. ಅಲ್ಲಿಂದ 1917ಕ್ಕೆ ಬಂದರೆ ಫ್ರೆಂಚ್ ಸೈನಿಕರು ದಾಳಿಗೆ ಹೋಗಲ್ಲ ಅನ್ನುತ್ತಿದ್ದಾರೆ, ರಷ್ಯದವರು ಬಂದೂಕು ಬಿಟ್ಟು ಊರಿನ ದಾರಿ ಹಿಡಿದಿದ್ದಾರೆ. 1918ರ ಕೊನೆಗೆ ಜರ್ಮನ್ ನಾವಿಕರೇ ದಂಗೆ ಎದ್ದರು.

ಈ ಉತ್ಸಾಹ ಮುರಿದದ್ದು ಯಾವಾಗ? ಯಾವುದಾದರೂ ಒಂದು ಕದನ, ಒಂದು ದಿನ ಅಂತ ಬೊಟ್ಟು ಮಾಡಿ ತೋರಿಸಬಹುದಾ? ಅದಕ್ಕಿಂತ ಜಾಸ್ತಿ ಕಾಡುವ ಪ್ರಶ್ನೆ ಇನ್ನೊಂದಿದೆ. ಅಷ್ಟು ಬೇಸರ ಬಂದಿದ್ದರೆ ಅಷ್ಟೊಂದು ಜನ ಮತ್ತೆ ಎರಡು ಮೂರು ವರ್ಷ ಅಲ್ಲೇ ಯಾಕೆ ನಿಂತರು? ಗೊತ್ತಿರುವವರು ದಯವಿಟ್ಟು ವಿವರವಾಗಿ ಬರೆಯಿರಿ.

ಹಳೇಕಾಗದ:

ಒಳ್ಳೆ ಪ್ರಶ್ನೆ. ಆದರೆ ನೀವು ಶುರು ಮಾಡಿದ ಜಾಗವನ್ನೇ ಸ್ವಲ್ಪ ಅಲ್ಲಾಡಿಸಬೇಕು. 1914ರಲ್ಲಿ ಎಲ್ಲರೂ ಕುಣಿದುಕೊಂಡು ಹೋದರು ಅನ್ನುವುದು ಅರ್ಧ ಮಾತ್ರ ನಿಜ.

ಹೂವು, ಬ್ಯಾಂಡು, ಜೈಕಾರ ಇವೆಲ್ಲ ಇದ್ದದ್ದು ದೊಡ್ಡ ಊರುಗಳ ಚೌಕಗಳಲ್ಲಿ, ರೈಲು ನಿಲ್ದಾಣಗಳಲ್ಲಿ. ಕ್ಯಾಮೆರಾ ಇದ್ದದ್ದೂ ಅಲ್ಲೇ. ಫ್ರಾನ್ಸಿನ ಹಳ್ಳಿಗಳಲ್ಲಿ ಆ ದಿನ ಚರ್ಚಿನ ಗಂಟೆ ಬಾರಿಸಿದಾಗ ಜನ ಕೊಯ್ಲಿನಲ್ಲಿದ್ದರು. ಎಲ್ಲೋ ಬೆಂಕಿ ಬಿದ್ದಿದೆ ಅಂದುಕೊಂಡು ಓಡಿ ಬಂದವರಿದ್ದಾರೆ. ಸೈನ್ಯಕ್ಕೆ ಕರೆ ಅಂತ ಗೊತ್ತಾದಾಗ ಹೆಂಗಸರು ಅತ್ತರು, ಗಂಡಸರು ಸುಮ್ನೆ ನಿಂತರು. ಶಾಲಾ ಮಾಸ್ತರರು ಆಗ ಬರೆದಿಟ್ಟ ಟಿಪ್ಪಣಿಗಳನ್ನು ನೋಡಿ ಇತಿಹಾಸಕಾರರು ಹೇಳುವುದು ಇದನ್ನೇ. ಮೊದಲು ಬಂದದ್ದು ಆಘಾತ, ಆಮೇಲೆ ‘ಬೇರೆ ದಾರಿ ಇಲ್ಲ, ನಮ್ಮ ಮೇಲೆ ಬಿದ್ದಿದ್ದಾರೆ, ಹೋಗಲೇಬೇಕು’ ಅನ್ನುವ ಗಟ್ಟಿ ಮನಸ್ಸು. ಇದನ್ನು ಉತ್ಸಾಹ ಅನ್ನುವುದು ಕಷ್ಟ.

ಬ್ರಿಟನ್ನಿನ ಲೆಕ್ಕ ಇನ್ನೂ ಕುತೂಹಲಕರ. ಅಲ್ಲಿ ಆಗ ಕಡ್ಡಾಯ ಸೇವೆ ಇರಲಿಲ್ಲ. 1914ರ ಕೊನೆಯೊಳಗೆ 10 ಲಕ್ಷಕ್ಕೂ ಹೆಚ್ಚು ಜನ ತಾವಾಗಿ ಸೇರಿದರು. ಯುದ್ಧದ ಅಮಲಿನಲ್ಲಿ ಸೇರಿದರು ಅಂತ ಅನಿಸುತ್ತದೆ, ಅಲ್ವಾ? ಆದರೆ ಅತಿ ದೊಡ್ಡ ನೂಕುನುಗ್ಗಲು ಆದದ್ದು ಯುದ್ಧ ಘೋಷಣೆಯ ದಿನ ಅಲ್ಲ. ಬೆಲ್ಜಿಯಂನ ಮಾನ್ಸ್‌ನಿಂದ ಬ್ರಿಟಿಷ್ ಸೈನ್ಯ ಹಿಂದೆ ಸರಿಯುತ್ತಿದೆ ಅನ್ನುವ ಕೆಟ್ಟ ಸುದ್ದಿ ಪತ್ರಿಕೆಗಳಲ್ಲಿ ಬಂದ ಮೇಲೆ, ಸೆಪ್ಟೆಂಬರ್ ಮೊದಲ ವಾರದಲ್ಲಿ. ಸೆಪ್ಟೆಂಬರ್ 3ರಂದು ಒಂದೇ ದಿನ 33 ಸಾವಿರಕ್ಕೂ ಹೆಚ್ಚು ಜನ ಹೆಸರು ಬರೆಸಿದರು. ಪರಿಸ್ಥಿತಿ ಕೆಟ್ಟಿದೆ ಅಂತ ಗೊತ್ತಿದ್ದೇ ಹೋದವರು ಇವರು. ಕೆಲಸ ಕಳೆದುಕೊಂಡು ಸೇರಿದವರೂ ಇದ್ದರು. ಗೆಳೆಯರೆಲ್ಲ ಹೊರಟಾಗ ಹಿಂದೆ ಉಳಿಯಲಾಗದೆ ಹೋದವರೂ ಇದ್ದರು.

ಹಾಗಾಗಿ ನನ್ನ ಪ್ರಕಾರ ಮೊದಲು ಸತ್ತದ್ದು ಹೋರಾಡುವ ಮನಸ್ಸಲ್ಲ. ‘ಬೇಗ ಮುಗಿಯುತ್ತೆ’ ಅನ್ನುವ ನಂಬಿಕೆ. ಅದು ಬಹಳ ಬೇಗ ಸತ್ತಿತು. 1914ರ ಆಗಸ್ಟ್ 22ರಂದು ಒಂದೇ ದಿನ ಫ್ರಾನ್ಸ್ ಸುಮಾರು 27 ಸಾವಿರ ಜನರನ್ನು ಕಳೆದುಕೊಂಡಿತು. ಗಾಯಗೊಂಡವರಲ್ಲ, ಸತ್ತವರು. ಆ ವರ್ಷದ ಐದೇ ತಿಂಗಳಲ್ಲಿ ಅವರ ಸತ್ತವರ ಸಂಖ್ಯೆ 3 ಲಕ್ಷದ ಹತ್ತಿರ. ಕೆಂಪು ಪ್ಯಾಂಟು ಹಾಕಿಕೊಂಡು ಬಯಲಿನಲ್ಲಿ ಮೆಷಿನ್ ಗನ್ನಿಗೆ ಎದುರಾಗಿ ಓಡಿದ ಸೈನ್ಯ ಅದು.

1914ರ ಕ್ರಿಸ್‌ಮಸ್ ಹೊತ್ತಿಗೆ ಎಷ್ಟೋ ಕಡೆ ಎರಡೂ ಸೈನ್ಯದ ಸಿಪಾಯಿಗಳು ಗುಂಡು ನಿಲ್ಲಿಸಿ ಭೇಟಿಯಾದ ಕದನವಿರಾಮದ ಕಥೆ ನೀವು ಓದಿರುತ್ತೀರಿ. ಅದನ್ನು ‘ಯುದ್ಧ ಬೇಡ ಅಂದರು’ ಅಂತ ಓದುವುದು ಸ್ವಲ್ಪ ಅವಸರ. ಎರಡು ಸಾಲುಗಳ ನಡುವೆ ವಾರಗಟ್ಟಲೆ ಬಿದ್ದಿದ್ದ ಹೆಣಗಳನ್ನು ಹೂಳಬೇಕಿತ್ತು, ಅದಕ್ಕೇ ಎಷ್ಟೋ ಕಡೆ ಮಾತುಕತೆ ಶುರುವಾಯಿತು. ಕೈಕುಲುಕಿದವರೇ ಆಮೇಲೆ ಮತ್ತೆ ಗುಂಡು ಹಾರಿಸಿದರು. ಆದರೆ ಒಂದಂತೂ ಬದಲಾಗಿತ್ತು. ಎದುರಿಗಿರುವವನೂ ನಮ್ಮ ಹಾಗೇ ಕೆಸರಿನಲ್ಲಿ ಕೂತಿದ್ದಾನೆ ಅನ್ನುವುದು ಕಣ್ಣಾರೆ ಕಂಡಿತ್ತು.

ಮುಳ್ಳುತಂತಿ:

ಮೇಲಿನವರು ಹೇಳಿದ್ದು ಸರಿ. ನಾನು ನಿಮ್ಮ ಎರಡನೇ ಪ್ರಶ್ನೆಗೆ ಬರುತ್ತೇನೆ. ಯಾಕೆ ನಿಂತರು?

ನನಗೆ ಅನಿಸುವುದು ಇಷ್ಟು. ಯಾಕಾಗಿ ಹೋರಾಡುತ್ತೇವೆ ಅನ್ನುವ ಉತ್ತರ ಬದಲಾಯಿತು. ಶುರುವಿನಲ್ಲಿ ದೇಶ, ರಾಜ, ಮರ್ಯಾದೆ, ಸ್ವಲ್ಪ ಸಾಹಸದ ಆಸೆ. ಎರಡು ವರ್ಷ ಕಳೆಯುವುದರೊಳಗೆ ಅದು ಪಕ್ಕದಲ್ಲಿ ನಿಂತಿರುವ ನಾಲ್ಕೈದು ಜನರ ಅಳತೆಗೆ ಇಳಿದಿತ್ತು. ನಾನು ಓಡಿಹೋದರೆ ಇವನು ಸಾಯುತ್ತಾನೆ. ಅಷ್ಟೇ.

ಇದಕ್ಕೆ ನನಗೆ ಗೊತ್ತಿರುವ ಅತಿ ಸ್ಪಷ್ಟ ಉದಾಹರಣೆ ಕವಿ ಸೀಗ್‌ಫ್ರೀಡ್ ಸಸೂನ್. ಧೈರ್ಯಕ್ಕೆ ಮಿಲಿಟರಿ ಕ್ರಾಸ್ ಪಡೆದ ಅಧಿಕಾರಿ. 1917ರ ಜುಲೈಯಲ್ಲಿ, ಈ ಯುದ್ಧವನ್ನು ನಿಲ್ಲಿಸುವ ಶಕ್ತಿ ಇರುವವರೇ ಬೇಕೆಂದು ಎಳೆಯುತ್ತಿದ್ದಾರೆ ಅಂತ ಬಹಿರಂಗ ಹೇಳಿಕೆ ಕೊಟ್ಟ. ಅದನ್ನು ಬ್ರಿಟಿಷ್ ಸಂಸತ್ತಿನಲ್ಲಿ ಓದಲಾಯಿತು. ಕೋರ್ಟ್ ಮಾರ್ಷಲ್, ಅಂದರೆ ಸೈನ್ಯದ ನ್ಯಾಯಾಲಯದಲ್ಲಿ ವಿಚಾರಣೆ, ಮಾಡುವ ಬದಲು ಶೆಲ್ ಶಾಕ್ (ಯುದ್ಧದ ಆಘಾತದಿಂದ ಬರುವ ಮನಸ್ಸಿನ ಕಾಯಿಲೆ) ಅಂತ ಹೇಳಿ ಎಡಿನ್‌ಬರೋ ಹತ್ತಿರದ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಗೆ ಕಳಿಸಿದರು. ಆಮೇಲೆ ಏನು ಮಾಡಿದ ಗೊತ್ತಾ? ತಾನಾಗಿಯೇ ಯುದ್ಧಕ್ಕೆ ವಾಪಸ್ ಹೋದ. ಯುದ್ಧದ ಬಗ್ಗೆ ಅವನ ಅಭಿಪ್ರಾಯ ಒಂದಿಷ್ಟೂ ಬದಲಾಗಿರಲಿಲ್ಲ. ತನ್ನ ಹುಡುಗರು ಅಲ್ಲಿದ್ದಾರೆ, ತಾನು ಮಾತ್ರ ಬೆಚ್ಚಗೆ ಇಲ್ಲಿದ್ದೇನೆ ಅನ್ನುವುದನ್ನು ಅವನಿಗೆ ಸಹಿಸಲು ಆಗಲಿಲ್ಲ. ಯುದ್ಧವನ್ನು ದ್ವೇಷಿಸುವುದು, ಅದೇ ಯುದ್ಧದಲ್ಲಿ ನಿಲ್ಲುವುದು, ಎರಡೂ ಒಬ್ಬನೇ ಮನುಷ್ಯನಲ್ಲಿ ಒಟ್ಟಿಗೆ ಇರಬಹುದು. ಇದು ಅರ್ಥವಾಗದೆ ಆ ಕಾಲ ಅರ್ಥವಾಗುವುದಿಲ್ಲ.

ಇನ್ನೊಂದು ಕಾರಣ, ಯಾರೂ ದಿನಾ ದಿನಾ ಸಾವಿನ ಬಾಯಲ್ಲೇ ಇರಲಿಲ್ಲ. ಬ್ರಿಟಿಷ್ ಪಡೆಗಳು ಮುಂಚೂಣಿ, ಅದರ ಹಿಂದಿನ ಸಾಲು, ವಿಶ್ರಾಂತಿ ಅಂತ ಸರದಿ ಬದಲಾಗುತ್ತಿದ್ದವು. ಎಷ್ಟೋ ಶಾಂತ ಜಾಗಗಳಲ್ಲಿ ಎರಡೂ ಕಡೆಯವರ ನಡುವೆ ಹೇಳದೆಯೇ ಒಂದು ಒಪ್ಪಂದ ಇರುತ್ತಿತ್ತು. ಊಟದ ಹೊತ್ತಿಗೆ ಗುಂಡು ಹಾರಿಸುವುದಿಲ್ಲ. ಫಿರಂಗಿ ದಿನಾ ಅದೇ ಹೊತ್ತಿಗೆ, ಅದೇ ಜಾಗಕ್ಕೆ ಹೊಡೆಯುತ್ತದೆ, ಎದುರಿನವರು ಆ ಹೊತ್ತಿಗೆ ಅಲ್ಲಿರುವುದಿಲ್ಲ. ನೀನೂ ಬದುಕು, ನಾನೂ ಬದುಕುತ್ತೇನೆ. ಮೇಲಧಿಕಾರಿಗಳಿಗೆ ಇದು ಗೊತ್ತಾಗಿ, ಅದನ್ನು ಮುರಿಯಲಿಕ್ಕೆಂದೂ ರಾತ್ರಿ ದಾಳಿಗಳಿಗೆ ಆಜ್ಞೆ ಕೊಡುತ್ತಿದ್ದರು.

ಭಯವೂ ಇತ್ತು, ಅದನ್ನು ಮರೆಯಬಾರದು. ಬ್ರಿಟಿಷ್ ಸೈನ್ಯ 300ಕ್ಕೂ ಹೆಚ್ಚು ತನ್ನದೇ ಸೈನಿಕರನ್ನು, ಹೆಚ್ಚಾಗಿ ತಪ್ಪಿಸಿಕೊಂಡು ಹೋದದ್ದಕ್ಕೆ, ಗುಂಡಿಕ್ಕಿ ಕೊಂದಿತು. ಅವರಲ್ಲಿ ಎಷ್ಟು ಜನರಿಗೆ ಮನಸ್ಸಿನ ಕಾಯಿಲೆ ಆಗಿತ್ತೋ. ಅವರಿಗೆ ಸರ್ಕಾರದ ಕ್ಷಮಾದಾನ ಸಿಕ್ಕಿದ್ದು 2006ರಲ್ಲಿ. ಆದರೆ ಬರೀ ಭಯದಿಂದ ಲಕ್ಷಾಂತರ ಜನರನ್ನು ನಾಲ್ಕು ವರ್ಷ ಹಿಡಿದು ನಿಲ್ಲಿಸಲು ಆಗುವುದಿಲ್ಲ.

ಒಂದು ದಿನ ಹೇಳಿ ಅಂದಿರಿ. ಬ್ರಿಟನ್ನಿನ ಮಟ್ಟಿಗೆ ಜನ ಹೇಳುವುದು 1916ರ ಜುಲೈ 1, ಫ್ರಾನ್ಸಿನ ಸೊಮ್ಮ್ ಕದನದ ಮೊದಲ ದಿನ. 57,470 ಜನ ಸತ್ತರು, ಗಾಯಗೊಂಡರು ಅಥವಾ ಕಾಣೆಯಾದರು, ಅದರಲ್ಲಿ ಸತ್ತವರೇ 19,240. ಒಂದೇ ಊರಿನವರು, ಒಂದೇ ಕಾರ್ಖಾನೆಯವರು ಒಟ್ಟಿಗೆ ಸೇರಿದ್ದ ‘ಪಾಲ್ಸ್’, ಅಂದರೆ ಗೆಳೆಯರ ಬೆಟಾಲಿಯನ್‌ಗಳು ಒಟ್ಟಿಗೇ ಹೋದವು. ಇಂಗ್ಲೆಂಡಿನ ಅಕ್ರಿಂಗ್‌ಟನ್ ಊರಿನ ಸುಮಾರು 700 ಜನ ಸೆರ್ ಹಳ್ಳಿಯ ಕಡೆ ಹೊರಟರು, ಅರ್ಧ ಗಂಟೆ ಕಳೆಯುವುದರೊಳಗೆ 580ಕ್ಕೂ ಹೆಚ್ಚು ಜನ ಬಿದ್ದಿದ್ದರು. ಆದರೂ ಆ ಸೈನ್ಯ ಮುರಿಯಲಿಲ್ಲ. ನವೆಂಬರ್ ತನಕ ಅದೇ ಕದನ ನಡೆಯಿತು. ಅದಕ್ಕೇ ಒಂದು ದಿನದ ಉತ್ತರ ನನಗೆ ಒಪ್ಪಿಗೆ ಆಗುವುದಿಲ್ಲ.

ಸಂಜೆಬೆಳಕು:

ಭಾರತದ ಸಿಪಾಯಿಗಳ ಬಗ್ಗೆ ಯಾರೂ ಬರೆಯಲಿಲ್ಲ, ಹಾಗಾಗಿ ನಾನು ಬರೆಯುತ್ತೇನೆ. ಈ ವಿಷಯ ನನಗೆ ತುಂಬಾ ಹತ್ತಿರದ್ದು.

1914ರ ಸೆಪ್ಟೆಂಬರ್ ಕೊನೆಗೆ ಮೊದಲ ಭಾರತೀಯ ಪಡೆಗಳು ಫ್ರಾನ್ಸಿನ ಮಾರ್ಸೇ ಬಂದರಿನಲ್ಲಿ ಇಳಿದವು. ಜನ ಹೂವು ಕೊಟ್ಟು ಬರಮಾಡಿಕೊಂಡರು. ಒಂದೇ ತಿಂಗಳಲ್ಲಿ ಅವರು ಬೆಲ್ಜಿಯಂನ ಈಪ್ರ್ ಹತ್ತಿರದ ಕಂದಕಗಳಲ್ಲಿದ್ದರು, ಅದೂ ಫ್ಲಾಂಡರ್ಸಿನ ಚಳಿ ಶುರುವಾಗುವ ಹೊತ್ತಿಗೆ. ಅಕ್ಟೋಬರ್ 31ರಂದು ಖುದಾದಾದ್ ಖಾನ್ ಹಾಲೆಬೆಕೆಯಲ್ಲಿ ಮಾಡಿದ ಹೋರಾಟಕ್ಕೆ ಬ್ರಿಟಿಷರ ಅತಿ ದೊಡ್ಡ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಸಿಕ್ಕಿತು. ಭಾರತೀಯ ಸಿಪಾಯಿಗೆ ಸಿಕ್ಕ ಮೊದಲನೆಯದು. 1915ರ ಮಾರ್ಚ್‌ನಲ್ಲಿ ಫ್ರಾನ್ಸಿನ ನವ್ ಶಾಪೆಲ್ ಹಳ್ಳಿಯ ಮೇಲೆ ನಡೆದ ದಾಳಿಯಲ್ಲಿ ಸುಮಾರು ಅರ್ಧ ಜನ ಭಾರತೀಯರೇ.

ಇವರ ಮನಸ್ಸಿನಲ್ಲಿ ಏನಿತ್ತು ಅಂತ ನಮಗೆ ಗೊತ್ತಾಗುವುದು ಒಂದು ವಿಚಿತ್ರ ದಾರಿಯಿಂದ. ಸಿಪಾಯಿಗಳ ಪತ್ರಗಳನ್ನು ಓದಲು ಬ್ರಿಟಿಷರು ಫ್ರಾನ್ಸಿನಲ್ಲಿ ಒಂದು ಸೆನ್ಸಾರ್ ಕಚೇರಿ ಇಟ್ಟಿದ್ದರು. ಅಲ್ಲಿ ಇಂಗ್ಲಿಷಿಗೆ ತಿರುಗಿಸಿ ವರದಿ ಮಾಡಿದ ಸಾವಿರಾರು ತುಣುಕುಗಳು ಇಂದಿಗೂ ಉಳಿದಿವೆ. ಪಂಜಾಬಿ, ಉರ್ದು, ಹಿಂದಿಯಲ್ಲಿ ಬರೆದ ಪತ್ರಗಳು. ಎಷ್ಟೋ ಸಿಪಾಯಿಗಳಿಗೆ ಓದು ಬರಹ ಬರುತ್ತಿರಲಿಲ್ಲ, ಜೊತೆಗಾರನ ಹತ್ತಿರ ಹೇಳಿ ಬರೆಸುತ್ತಿದ್ದರು.

ಶುರುವಿನ ಪತ್ರಗಳಲ್ಲಿ ಇಜ್ಜತ್ ಅನ್ನುವ ಮಾತು ಮತ್ತೆ ಮತ್ತೆ ಬರುತ್ತದೆ. ಮನೆತನದ ಮರ್ಯಾದೆ, ಪಲ್ಟಣದ ಮರ್ಯಾದೆ, ಉಂಡ ಉಪ್ಪಿನ ಋಣ. 1915 ಮುಂದುವರಿದ ಹಾಗೆ ಸ್ವರ ಬದಲಾಗುತ್ತದೆ. ಇದು ಯುದ್ಧವಲ್ಲ, ಲೋಕದ ಕೊನೆ ಅನ್ನುವ ಅರ್ಥದ ಮಾತುಗಳು ಬರುತ್ತವೆ. ಮಹಾಭಾರತದ ಯುದ್ಧದ ಜೊತೆ ಹೋಲಿಸುತ್ತಾರೆ. ಕೆಲವರು ಊರಿಗೆ ಗುಟ್ಟಿನ ಭಾಷೆಯಲ್ಲಿ ಬರೆದರು. ‘ಕರಿಮೆಣಸು’ ಮುಗಿಯುತ್ತಾ ಬಂತು, ‘ಕೆಂಪು ಮೆಣಸು’ ಬೇಕಾದಾಗ ಮಾತ್ರ ಬಳಸುತ್ತಾರೆ ಅಂತ. ಕರಿಮೆಣಸು ಅಂದರೆ ಭಾರತೀಯ ಸಿಪಾಯಿ, ಕೆಂಪು ಮೆಣಸು ಅಂದರೆ ಬಿಳಿಯ ಸೈನಿಕ. ತಮ್ಮನನ್ನು ಸೈನ್ಯಕ್ಕೆ ಸೇರಿಸಬೇಡಿ ಅಂತ ಹೇಳುವ ಪತ್ರಗಳೂ ಇವೆ. ಸೆನ್ಸಾರಿನವನಿಗೆ ಈ ಗುಟ್ಟು ಅರ್ಥವಾಗುತ್ತಿತ್ತು, ಅದಕ್ಕೇ ಅದು ವರದಿ ಸೇರಿ ನಮ್ಮ ತನಕ ಬಂದಿದೆ.

ಅವರ ಅತಿ ದೊಡ್ಡ ನೋವು ಚಳಿಯೂ ಅಲ್ಲ, ಶೆಲ್ ದಾಳಿಯೂ ಅಲ್ಲ. ಗಾಯ ವಾಸಿಯಾದ ಮೇಲೆ ಮತ್ತೆ ಮುಂಚೂಣಿಗೇ ಕಳಿಸುತ್ತಿದ್ದದ್ದು. ಒಮ್ಮೆ ರಕ್ತ ಹರಿಸಿದವನು ಋಣ ತೀರಿಸಿದ ಹಾಗೆ, ಇನ್ನು ಅವನನ್ನು ಊರಿಗೆ ಕಳಿಸಬೇಕು ಅನ್ನುವುದು ಸಿಪಾಯಿಯ ನ್ಯಾಯ. ಬ್ರೈಟನ್ನಿನ ಅರಮನೆಯಲ್ಲೇ ಆಸ್ಪತ್ರೆ ಮಾಡಿಕೊಟ್ಟಿದ್ದರು, ಆರೈಕೆ ಚೆನ್ನಾಗಿತ್ತು ಅಂತ ಅವರೇ ಬರೆದಿದ್ದಾರೆ. ಆದರೆ ಅಲ್ಲಿಂದ ಮತ್ತೆ ಕಂದಕಕ್ಕೆ ಅಂದಾಗ ಮನಸ್ಸು ಮುರಿಯಿತು. ಇಲ್ಲಿ ಸಿಪಾಯಿ ಯುದ್ಧವನ್ನೇ ಬೇಡ ಅನ್ನುತ್ತಿಲ್ಲ ನೋಡಿ. ನಮ್ಮ ನಡುವಿನ ಒಪ್ಪಂದ ನೀವು ಮುರಿದಿರಿ ಅನ್ನುತ್ತಿದ್ದಾನೆ.

1915ರ ಕೊನೆಗೆ ಕಾಲಾಳು ಪಡೆಗಳನ್ನು ಫ್ರಾನ್ಸಿನಿಂದ ತೆಗೆದು ಮೆಸಪಟೋಮಿಯಾಕ್ಕೆ, ಅಂದರೆ ಈಗಿನ ಇರಾಕಿಗೆ ಕಳಿಸಿದರು. ಅಲ್ಲಿ ಕುತ್ ಊರಿನಲ್ಲಿ ಸುಮಾರು ಐದು ತಿಂಗಳು ಮುತ್ತಿಗೆಯಲ್ಲಿ ಸಿಕ್ಕಿದ್ದ ಪಡೆ 1916ರ ಏಪ್ರಿಲ್ 29ರಂದು ಶರಣಾಯಿತು. ಅವರಲ್ಲಿ ಹೆಚ್ಚಿನವರು ಭಾರತೀಯರು. ಇನ್ನೊಂದು ಕಡೆ 1918ರ ಸೆಪ್ಟೆಂಬರ್ 23ರಂದು ಮೈಸೂರು ಮತ್ತು ಜೋಧಪುರದ ಕುದುರೆ ಪಡೆಗಳು ಈಗಿನ ಇಸ್ರೇಲಿನ ಹೈಫಾ ಊರನ್ನು ಗೆದ್ದವು. ಒಂದೇ ಯುದ್ಧ, ಒಂದೇ ಸೈನ್ಯ, ಆದರೆ ಒಬ್ಬನ ನೆನಪು ಹಸಿವು, ಇನ್ನೊಬ್ಬನ ನೆನಪು ಗೆಲುವು. ಭಾರತೀಯ ಸಿಪಾಯಿ ಹೀಗೆ ಯೋಚಿಸಿದ ಅಂತ ಒಂದೇ ಸಾಲಿನಲ್ಲಿ ಹೇಳಲು ನನಗೆ ಬಾಯಿ ಬರುವುದಿಲ್ಲ.

ನೆಲಮುಗಿಲು:

ಮೂವರಿಗೂ ತುಂಬಾ ಧನ್ಯವಾದ. ಮೆಣಸಿನ ವಿಷಯ ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

‘ಒಪ್ಪಂದ ಮುರಿದಿರಿ’ ಅನ್ನುವ ಮಾತು ಫ್ರೆಂಚರ 1917ಕ್ಕೂ ಹೊಂದುತ್ತದಾ? ಅದು ದಂಗೆನಾ, ಇಲ್ಲ ಬೇರೆ ಏನಾದರೂ? ಜರ್ಮನ್ನರ ಕಥೆಯೂ ಹೇಳಿ.

ಮುಳ್ಳುತಂತಿ:

ಹೊಂದುತ್ತದೆ, ಚೆನ್ನಾಗಿಯೇ ಹೊಂದುತ್ತದೆ. ನಾನಾದರೆ ಅದನ್ನು ದಂಗೆ ಅನ್ನುವುದಕ್ಕಿಂತ ಮುಷ್ಕರ ಅನ್ನುತ್ತೇನೆ.

ಹಿಂದಿನ ವರ್ಷವಿಡೀ ಫ್ರಾನ್ಸಿನ ವೆರ್ಡನ್ ಕದನ ನಡೆದಿತ್ತು. ಫೆಬ್ರವರಿಯಿಂದ ಡಿಸೆಂಬರ್ ತನಕ, ಎರಡೂ ಕಡೆ ಸೇರಿ ಸುಮಾರು 3 ಲಕ್ಷ ಸಾವು. ಫ್ರೆಂಚ್ ಸೈನ್ಯದ ಹೆಚ್ಚಿನ ಡಿವಿಷನ್‌ಗಳು (ಸಾವಿರಾರು ಜನರ ದೊಡ್ಡ ಪಡೆಗಳು) ಸರದಿಯಲ್ಲಿ ಆ ನರಕ ಕಂಡು ಬಂದವು. ಆದರೂ ತಡೆದುಕೊಂಡರು, ಯಾಕೆಂದರೆ ಅದು ತಮ್ಮ ನೆಲ ಉಳಿಸಿಕೊಳ್ಳುವ ಕದನ. 1917ರ ಏಪ್ರಿಲ್ 16ರಂದು ಜನರಲ್ ನಿವೆಲ್ ದೊಡ್ಡ ದಾಳಿ ಶುರು ಮಾಡಿದ. 48 ಗಂಟೆಯಲ್ಲಿ ಜರ್ಮನ್ ಸಾಲು ಒಡೆಯುತ್ತೇನೆ ಅಂತ ಮಾತು ಕೊಟ್ಟಿದ್ದ. ಒಡೆಯಲಿಲ್ಲ. ದಾಳಿ ಮಾತ್ರ ಮುಂದುವರಿಯಿತು.

ಆಗ ಸೈನಿಕರು ನಿಂತರು. ಮುಂಚೂಣಿಗೆ ನಡೆಯುವಾಗ ಕಟುಕನ ಮನೆಗೆ ಹೊರಟ ಕುರಿಗಳ ಹಾಗೆ ‘ಬ್ಯಾ’ ಅಂತ ಕೂಗಿದ ತುಕಡಿಗಳಿದ್ದವು. ಹೆಚ್ಚುಕಡಿಮೆ ಅರ್ಧದಷ್ಟು ಡಿವಿಷನ್‌ಗಳಲ್ಲಿ ಏನಾದರೊಂದು ಗಲಾಟೆ ಆಯಿತು. ಆದರೆ ಅವರು ಏನು ಹೇಳಿದರು ನೋಡಿ. ಕಂದಕ ಕಾಯುತ್ತೇವೆ, ಜರ್ಮನ್ನರನ್ನು ಒಳಗೆ ಬಿಡುವುದಿಲ್ಲ. ಪ್ರಯೋಜನವಿಲ್ಲದ ದಾಳಿಗೆ ಮಾತ್ರ ಬರುವುದಿಲ್ಲ. ರಜೆ ಕೊಡಿ, ಊಟ ಸರಿ ಮಾಡಿ. ಶಾಂತಿ ಬೇಕು ಅಂತ ಕೂಗಿದವರೂ ಇದ್ದರು, ಕೆಂಪು ಬಾವುಟ ಹಿಡಿದವರೂ ಇದ್ದರು. ಆದರೂ ಬಹುಪಾಲು ಜನರ ಕೋರಿಕೆ ಇಷ್ಟೇ ಸರಳ. ನಿವೆಲ್ ಜಾಗಕ್ಕೆ ಬಂದ ಜನರಲ್ ಪೆಟಾಂ ಶಿಕ್ಷೆಯನ್ನೂ ಕೊಟ್ಟ, ಕೇಳಿದ್ದನ್ನೂ ಕೊಟ್ಟ. 500ಕ್ಕೂ ಹೆಚ್ಚು ಮರಣದಂಡನೆಯ ತೀರ್ಪುಗಳು ಬಂದವು, ಜಾರಿಯಾದದ್ದು 50ರ ಒಳಗೆ. ರಜೆ ಹೆಚ್ಚಾಯಿತು, ವಿಶ್ರಾಂತಿ ಶಿಬಿರಗಳು ಸುಧಾರಿಸಿದವು, ದೊಡ್ಡ ದಾಳಿಗಳು ನಿಂತವು. ಅದೇ ಸೈನ್ಯ 1918ರಲ್ಲಿ ಗೆದ್ದ ಕಡೆ ಇತ್ತು.

ರಷ್ಯದಲ್ಲಿ ಈ ಮಾತುಕತೆಗೆ ಜಾಗವೇ ಉಳಿಯಲಿಲ್ಲ. ಚಕ್ರವರ್ತಿ ಝಾರ್ ಬಿದ್ದ ಮೇಲೆ ಸೈನಿಕರು ತಮ್ಮದೇ ಸಮಿತಿಗಳನ್ನು ಮಾಡಿಕೊಂಡರು. ಊರಿನಲ್ಲಿ ಜಮೀನು ಹಂಚುತ್ತಿದ್ದಾರೆ ಅನ್ನುವ ಸುದ್ದಿ ಬಂತು. ರೈತನ ಮಗ ತನ್ನ ಪಾಲು ಬಿಟ್ಟು ಅಲ್ಲಿ ಯಾಕೆ ನಿಲ್ಲುತ್ತಾನೆ?

ಹಳೇಕಾಗದ:

ಜರ್ಮನ್ನರ ಬಗ್ಗೆ ನಾನು ಹೇಳುತ್ತೇನೆ. ಮನಸ್ಸು ಇಳಿಮುಖವಾಗಿ ಒಂದೇ ಸಮನೆ ಜಾರಿತು ಅಂದುಕೊಂಡರೆ ಅವರ 1918 ಅರ್ಥವಾಗುವುದಿಲ್ಲ. ಆ ವರ್ಷದ ಶುರುವಿನಲ್ಲಿ ಅವರ ಆಸೆ ಮತ್ತೆ ಮೇಲೆದ್ದಿತ್ತು. ರಷ್ಯ ಮುಗಿದಿತ್ತು. ಇದೊಂದು ದಾಳಿ ಗೆದ್ದರೆ ಮನೆಗೆ ಹೋಗಬಹುದು ಅನ್ನುವ ನಂಬಿಕೆಯಲ್ಲೇ ಮಾರ್ಚ್ 21ರಂದು ನುಗ್ಗಿದರು.

ಮುಂದೆ ಹೋದಾಗ ಅವರಿಗೆ ಬ್ರಿಟಿಷರ ಉಗ್ರಾಣಗಳು ಸಿಕ್ಕವು. ವರ್ಷಗಳಿಂದ ಟರ್ನಿಪ್ ಗೆಡ್ಡೆ ತಿಂದು ಬದುಕಿದ ಜನರಿಗೆ ಅಲ್ಲಿ ಬಿಳಿ ಬ್ರೆಡ್, ಮಾಂಸದ ಡಬ್ಬಿ, ವೈನ್ ಕಂಡಿತು. ಫ್ರಾನ್ಸಿನ ಆಲ್ಬರ್ಟ್ ಊರಿನಲ್ಲಿ ಕೆಲವು ತುಕಡಿಗಳು ದಾಳಿ ಬಿಟ್ಟು ತಿನ್ನಲು ಕುಡಿಯಲು ನಿಂತವು. ಶತ್ರು ಹಸಿದಿದ್ದಾನೆ, ಸೋಲುತ್ತಿದ್ದಾನೆ ಅಂತ ಅಧಿಕಾರಿಗಳು ಹೇಳುತ್ತಿದ್ದದ್ದು ಸುಳ್ಳು ಅಂತ ಸಿಪಾಯಿಗೆ ಹೊಟ್ಟೆಯ ಮೂಲಕ ಗೊತ್ತಾಯಿತು. ಇದಕ್ಕಿಂತ ದೊಡ್ಡ ಪ್ರಚಾರ ಯಾವುದೂ ಬೇಕಾಗಿರಲಿಲ್ಲ.

ಆಗಸ್ಟ್ 8ರಂದು ಫ್ರಾನ್ಸಿನ ಆಮಿಯೆ ಊರಿನ ಹತ್ತಿರ ಜರ್ಮನ್ ಸಾಲು ಒಡೆದಾಗ ಜನ ಗುಂಪುಗುಂಪಾಗಿ ಶರಣಾದರು. ಹೊಸದಾಗಿ ಬರುತ್ತಿದ್ದ ತಮ್ಮದೇ ಪಡೆಯನ್ನು ನೋಡಿ, ಹಿಂದೆ ಸರಿಯುತ್ತಿದ್ದವರು ‘ಮುಷ್ಕರ ಮುರಿಯುವವರೇ, ಯುದ್ಧ ಎಳೆಯುತ್ತಿದ್ದೀರಿ’ ಅಂತ ಕೂಗಿದರು ಅಂತ ಜರ್ಮನ್ ಜನರಲ್ ಲೂಡೆನ್‌ಡಾರ್ಫ್ ಬರೆದುಕೊಂಡಿದ್ದಾನೆ. ಮುಳ್ಳುತಂತಿ ಅವರು ಬಳಸಿದ ಮುಷ್ಕರ ಅನ್ನುವ ಮಾತು ಸೈನಿಕರ ಬಾಯಲ್ಲೇ ಬಂದಿತ್ತು. ಅಕ್ಟೋಬರ್ ಕೊನೆಗೆ, ಸೋಲು ಖಚಿತವಾದ ಮೇಲೆ, ಕೊನೆಯದೊಂದು ಸಮುದ್ರ ಯುದ್ಧಕ್ಕೆ ಹೊರಡಿ ಅಂದಾಗ ವಿಲ್‌ಹೆಲ್ಮ್ಸ್‌ಹಾಫೆನ್ ಬಂದರಿನ ನಾವಿಕರು ಹಡಗಿನ ಯಂತ್ರದ ಒಲೆಗಳಿಗೆ ಬೆಂಕಿ ಹಾಕಲಿಲ್ಲ. ದಂಗೆ ಅಲ್ಲಿಂದ ಕೀಲ್ ಬಂದರಿಗೆ, ಅಲ್ಲಿಂದ ಇಡೀ ದೇಶಕ್ಕೆ ಹರಡಿತು.

ಪತ್ರಗಳನ್ನು ಓದುವಾಗ ಒಂದು ಎಚ್ಚರಿಕೆ. ಬ್ರಿಟಿಷ್ ಸೈನಿಕರಿಗೆ ಅಚ್ಚು ಹಾಕಿದ ಕಾರ್ಡ್ ಕೊಡುತ್ತಿದ್ದರು. ‘ನಾನು ಕ್ಷೇಮ’, ‘ಆಸ್ಪತ್ರೆಗೆ ಸೇರಿದ್ದೇನೆ’ ಅಂತ ಸಾಲುಗಳಿರುತ್ತಿದ್ದವು, ಬೇಡದ್ದನ್ನು ಹೊಡೆದುಹಾಕಬೇಕು. ಬೇರೆ ಏನಾದರೂ ಸೇರಿಸಿದರೆ ಕಾರ್ಡನ್ನೇ ಹರಿದುಹಾಕುತ್ತಿದ್ದರು. ಅಮ್ಮನಿಗೆ ಬರೆದ ಪತ್ರದಲ್ಲಿ ಧೈರ್ಯ ಜಾಸ್ತಿ ಇರುತ್ತದೆ, ಡೈರಿಯಲ್ಲಿ ಕಡಿಮೆ. ಹತ್ತು ವರ್ಷ ಬಿಟ್ಟು ಬರೆದ ನೆನಪುಗಳಲ್ಲಿ ಇನ್ನೊಂದು ಬಣ್ಣ. 1920ರ ದಶಕದ ಕೊನೆಗೆ ಬಂದ ಪುಸ್ತಕಗಳು ನಮ್ಮ ತಲೆಯಲ್ಲಿರುವ ಚಿತ್ರವನ್ನು ಕಟ್ಟಿದವು. ಅಷ್ಟು ಹೊತ್ತಿಗೆ ನಿರುದ್ಯೋಗ, ಕೈಗೆ ಬಾರದ ಭರವಸೆಗಳು ಎಲ್ಲ ಸೇರಿಕೊಂಡಿದ್ದವು.

ಸಂಜೆಬೆಳಕು:

ಇಟಲಿಯನ್ನು ಎಲ್ಲರೂ ಮರೆತರು, ಅದನ್ನು ಸೇರಿಸುತ್ತೇನೆ. ಸೇನಾಪತಿ ಕಡೋರ್ನಾ ತನ್ನ ಸೈನಿಕರನ್ನು ಹಿಡಿತದಲ್ಲಿಟ್ಟಿದ್ದು ಬರೀ ಶಿಕ್ಷೆಯಿಂದ. ಇಸೊಂಜೊ ನದಿಯ ದಂಡೆಯಲ್ಲಿ ಆಸ್ಟ್ರಿಯಾದವರ ಮೇಲೆ ಹನ್ನೊಂದು ಸಲ ದಾಳಿ ಮಾಡಿಸಿದ. ತುಕಡಿ ತಪ್ಪು ಮಾಡಿದರೆ ಚೀಟಿ ಎತ್ತಿ ಕೆಲವರನ್ನು ಕೊಲ್ಲಿಸಿದ ಪ್ರಸಂಗಗಳಿವೆ. 1917ರ ಅಕ್ಟೋಬರ್ 24ರಂದು ಕಪೊರೆಟ್ಟೊ ಊರಿನಲ್ಲಿ ಇಟಲಿಯ ಸಾಲು ಒಡೆದಾಗ ಎರಡೂವರೆ ಲಕ್ಷಕ್ಕೂ ಹೆಚ್ಚು ಜನ ಸೆರೆಯಾದರು. ಎಷ್ಟೋ ಜನ ಬಂದೂಕು ಬಿಸಾಡಿ ‘ಮನೆಗೆ ಹೋಗೋಣ’ ಅಂತ ಕೂಗುತ್ತಾ ಹಿಂದಕ್ಕೆ ನಡೆದರು.

ಕಡೋರ್ನಾನನ್ನು ತೆಗೆದು ಡಿಯಾಜ್‌ನನ್ನು ಹಾಕಿದರು. ಅವನು ಊಟ ಹೆಚ್ಚಿಸಿದ, ರಜೆ ಹೆಚ್ಚಿಸಿದ, ಸೈನಿಕರಿಗೆ ಉಚಿತ ಜೀವವಿಮೆ ಬಂತು, ಸುಮ್ಮನೆ ದಾಳಿಗೆ ಕಳಿಸುವುದನ್ನು ನಿಲ್ಲಿಸಿದ. ಎಂಟು ತಿಂಗಳ ನಂತರ, 1918ರ ಜೂನ್‌ನಲ್ಲಿ ಆಸ್ಟ್ರಿಯಾದವರು ಪಿಯಾವೆ ನದಿ ದಾಟಿ ಬಂದಾಗ, ಮನೆಗೆ ಹೋಗೋಣ ಅಂದಿದ್ದ ಅದೇ ಸೈನ್ಯ ಅಲ್ಲಿಂದ ಕದಲಲಿಲ್ಲ.